ಮೂರನೇ ಅಂಕಣದ ಪ್ರಶ್ನೆ

ಸೇತುವೆಯ ಕೆಳಗೆ ನಿಂತು ಸುತ್ತಿಗೆಯಿಂದ ಕುಟ್ಟುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಬೇರೆ ಊರಿನ ಎಂಜಿನಿಯರುಗಳು ಕುಟ್ಟಿದರೆ ಕಾಂಕ್ರೀಟು ಟಣ್ ಅನ್ನುತ್ತದೆ, ಇಲ್ಲವೇ ಡಬ್ ಅನ್ನುತ್ತದೆ. ಅವರು ಅಷ್ಟನ್ನೇ ಬರೆದುಕೊಂಡು ಊಟಕ್ಕೆ ಹೋಗುತ್ತಾರೆ. ನಮ್ಮೂರಿನಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಇಲ್ಲಿನ ಕಾಂಕ್ರೀಟು ಹಸಿಯಾಗಿದ್ದಾಗ ಏನು ಕೇಳಿಸಿಕೊಂಡಿತ್ತೋ ಅದನ್ನು ಕುಟ್ಟಿದಾಗ ತಿರುಗಿ ಹೇಳುತ್ತದೆ. ಯಾರು ಆಡಿದ್ದರೋ ಅವರ ದನಿಯಲ್ಲೇ, ಕೆಮ್ಮಿದ್ದರೆ ಕೆಮ್ಮೂ ಸೇರಿ.

ಹಾಗಾಗಿ ನಮ್ಮಲ್ಲಿ ಛಾವಣಿ ಹಾಕುವ ದಿನ ಮನೆಮಂದಿಯೆಲ್ಲ ನಾಲಿಗೆ ಬಿಗಿಹಿಡಿದು ಓಡಾಡುತ್ತಾರೆ. ಜಗಳಗಂಟಿ ಅತ್ತಿಗೆಯರನ್ನು ಬೆಳಗಿನ ಬಸ್ಸಿಗೇ ತವರಿಗೆ ಹತ್ತಿಸುತ್ತಾರೆ. ಎಷ್ಟು ಎಚ್ಚರ ವಹಿಸಿದರೂ ಎಡವಟ್ಟು ಆಗಿಯೇ ಆಗುತ್ತದೆ. ನಮ್ಮ ಬೀದಿಯ ಸರಸಮ್ಮನ ಅಡುಗೆಮನೆಗೆ ಛಾವಣಿ ಹಾಕುವಾಗ ಕಂಬಿ ಕಟ್ಟುವವನೊಬ್ಬ ಹೆಬ್ಬೆರಳು ಜಜ್ಜಿಕೊಂಡ. ಅವತ್ತಿನಿಂದ ಮಹಡಿಯವರು ತೆಂಗಿನಕಾಯಿ ಒಡೆದಾಗಲೆಲ್ಲ ಕೆಳಗಿನ ಒಲೆಯ ಮೇಲೆ ಒಂದು ಹೊಲಸು ಬೈಗುಳ ಉದುರುತ್ತದೆ. ಸರಸಮ್ಮ ಹಬ್ಬದ ದಿನ ಮಹಡಿಯವರಿಗೆ ಕಾಯನ್ನು ತಾನೇ ಹೊರಗೆ ಕಲ್ಲಿನ ಮೇಲೆ ಒಡೆದು ಕಳಿಸುತ್ತಾಳೆ.

ನದಿಯ ಮೇಲಿನ ನಮ್ಮ ಸೇತುವೆಗೆ ಕಂಬದಿಂದ ಕಂಬಕ್ಕೆ ಒಂದರಂತೆ ಐದು ಅಂಕಣ, ಐವತ್ತನಾಲ್ಕು ವರ್ಷ ವಯಸ್ಸು. ಬಸ್ಸು ಹಾದುಹೋಗುವಾಗ ಅದರ ಭಾರಕ್ಕೆ ಇಡೀ ಸೇತುವೆ ಗುಸುಗುಟ್ಟುತ್ತದೆ. ಮೊದಲ ಅಂಕಣದಲ್ಲಿ ಯಾರೋ ಯಾರಿಗೋ ನೀರು ತರಲು ಕೂಗುತ್ತಾರೆ. ಎರಡನೆಯದರಲ್ಲಿ ಒಬ್ಬ ಹೆಂಗಸು ಸೊಸೆಯ ಕೈರುಚಿಯನ್ನು ಹೊಗಳುತ್ತಾಳೆ. ಅದೊಂದು ಪವಾಡವೆಂದೇ ಊರಿನವರ ಅಭಿಪ್ರಾಯ. ನಾಲ್ಕನೆಯದು ಬಂತೆಂದರೆ ಹತ್ತಾರು ದನಿಗಳು ಒಟ್ಟಿಗೆ "ಊಟಕ್ ಬುಡ್ರಪ್ಪೋ" ಅನ್ನುತ್ತವೆ. ಆಚೆ ದಡದ ಖಾನಾವಳಿಗಳೆಲ್ಲ ಆ ಕೂಗಿನಿಂದಲೇ ಬದುಕಿಕೊಂಡಿವೆ.

ಮೂರನೇ ಅಂಕಣದ ಮಾತು ಮಾತ್ರ ಬಸ್ಸಿನ ಸದ್ದಿನಲ್ಲಿ ಕೇಳುವುದಿಲ್ಲ. ಅದಕ್ಕೆ ಕೆಳಗೆ ಮರಳದಿನ್ನೆಗೆ ಇಳಿಯಬೇಕು, ಉದ್ದ ಹಿಡಿಯ ಸುತ್ತಿಗೆಯಿಂದ ಒಂದು ಗೊತ್ತಾದ ಜಾಗಕ್ಕೆ ಮೆಲ್ಲಗೆ ತಟ್ಟಬೇಕು. ಆಗ ಒಬ್ಬ ಹರೆಯದ ಗಂಡಸಿನ ದನಿ, ಸ್ವಲ್ಪ ನಡುಗುತ್ತ, ಕೇಳುತ್ತದೆ: "ದ್ಯಾವೀ, ನನ್ ಜೊತೆ ಬಾಳ್ವೆ ಮಾಡ್ತೀಯಾ? ಏನಂತೀಯಾ?"

ಕೇಳಿದವರು ಕೆಂಚಪ್ಪ ಮೇಸ್ತ್ರಿ. ಆಗ ಅವರಿಗೆ ಇಪ್ಪತ್ತನಾಲ್ಕು. ಕೇಳಿಸಿಕೊಂಡವರು ಕಾಂಕ್ರೀಟಿನ ಬಾಂಡ್ಲಿ ಹೊರುತ್ತಿದ್ದ ಹದಿನೆಂಟರ ದ್ಯಾವಮ್ಮ. ಊರಿನಲ್ಲಿ ಯಾರ ಮದುವೆ ನಿಶ್ಚಯವಾದರೂ ಹುಡುಗ ಹುಡುಗಿ ಒಂದು ಸಲ ಆ ಮರಳದಿನ್ನೆಗೆ ಬಂದು, ತಟ್ಟಿ, ಆ ಪ್ರಶ್ನೆ ಮುಗಿದ ಕೂಡಲೇ ತಮ್ಮ ಜವಾಬು ಹೇಳಬೇಕು. ನಾನೂ ಹೇಳಿದ್ದೇನೆ. ನನ್ನ ಯಜಮಾನರು ನಾಚಿಕೆಯಿಂದ ಎರಡು ಸಲ ತಟ್ಟಿಸಿದರು, ಮೂರನೆಯ ಸಲ "ಹೂಂ" ಅಂದರು.

ತಮಾಷೆಯೆಂದರೆ ಊರಿಗೆಲ್ಲ ಜವಾಬು ಹೇಳಿಸಿದ ಆ ಪ್ರಶ್ನೆಗೆ ಕೆಂಚಪ್ಪ ಮೇಸ್ತ್ರಿಗೇ ಜವಾಬು ಸಿಕ್ಕಿರಲಿಲ್ಲ. ದ್ಯಾವಮ್ಮ ಅವರನ್ನೇ ಮದುವೆಯಾದರು, ನಾಲ್ಕು ಮಕ್ಕಳು, ಒಂಬತ್ತು ಮೊಮ್ಮಕ್ಕಳು. ಆದರೂ ಮೇಸ್ತ್ರಿಗಳು ಯಾವ ಜಗಳದಲ್ಲೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುವರು: "ಅವತ್ತು ಏನೂ ಹೇಳ್ಳಿಲ್ಲ ಕಣೆ ನೀನು. ಬಾಂಡ್ಲಿ ಸುರುದು ಹೊಂಟೋದೆ." ದ್ಯಾವಮ್ಮ ಎಲೆಯಡಿಕೆ ದವಡೆಗೊತ್ತಿ ಅನ್ನುವರು: "ಹೇಳಿದ್ದು ಹೇಳಾಯ್ತು. ಎಲ್ಡನೇ ಸಲ ಹೇಳಾಕಿಲ್ಲ." ಐವತ್ತನಾಲ್ಕು ವರ್ಷದಲ್ಲಿ ಇದರಾಚೆಗೆ ಒಂದಕ್ಷರ ಅವರ ಬಾಯಿಂದ ಬಂದಿರಲಿಲ್ಲ. ಮೇಸ್ತ್ರಿಗಳು ತಿಂಗಳಿಗೊಮ್ಮೆಯಾದರೂ ಆ ಮರಳದಿನ್ನೆಗೆ ಹೋಗಿ ತಮ್ಮ ಪ್ರಶ್ನೆಯನ್ನು ತಾವೇ ತಟ್ಟಿ, ಅದರ ಕೊನೆಗೆ ಇನ್ನೇನಾದರೂ ಕೇಳೀತೇ ಎಂದು ಕಿವಿಗೊಟ್ಟು ನಿಲ್ಲುವುದನ್ನು ನಾನೇ ಕಂಡಿದ್ದೇನೆ. ಕಂಡರೂ ಕಾಣದಂತೆ ಇರುತ್ತಿದ್ದೆ.

ಈ ವರ್ಷ ಬೇಸಿಗೆಯ ಮೊದಲಿಗೆ ಇಲಾಖೆಯಿಂದ ಕಾಗದ ಬಂತು. ಹಳೆಯ ಸೇತುವೆಗಳನ್ನೆಲ್ಲ ಪರೀಕ್ಷಿಸಿ, ಉಳಿಸುವುದೋ ಕೆಡವುವುದೋ ಎಂದು ಹದಿನೈದು ದಿನದಲ್ಲಿ ವರದಿ ಕೊಡಬೇಕು. ಒಂದು ಅಂಕಣ ಕೆಟ್ಟಿದ್ದರೂ ಇಡೀ ಸೇತುವೆಯನ್ನು ಕೆಡವುವುದೇ ಲೇಸು ಎಂದು ಮೇಲಿನವರು ಕಾಗದದ ಬುಡದಲ್ಲಿ ಬೇರೆ ಸೇರಿಸಿದ್ದರು. ಕೆಡವಿದರೆ ಹೊಸದು ಆಗುವವರೆಗೆ ಆಚೆ ದಡದ ಶಾಲೆ, ಸಂತೆ, ಆಸ್ಪತ್ರೆ ಎಲ್ಲಕ್ಕೂ ನಾವು ಹದಿನೆಂಟು ಮೈಲಿ ಸುತ್ತಬೇಕು. ಕಾಗದ ಬರೆದವರು ಹದಿನೆಂಟು ಮೈಲಿ ನಡೆದ ಪೈಕಿಯವರಲ್ಲ.

ನಾನೂ ಜಬ್ಬಾರನೂ ಏಣಿ, ಹಗ್ಗ, ಸುತ್ತಿಗೆ ಹೊತ್ತು ಇಳಿದೆವು. ಜಬ್ಬಾರ ಇಪ್ಪತ್ತು ವರ್ಷದಿಂದ ನನ್ನ ಜೊತೆಗಿದ್ದಾನೆ. ಏಣಿ ನಿಲ್ಲಿಸುವುದು, ಉಳಿ ಹಿಡಿಯುವುದು, ನನ್ನ ಕೋಪ ತಡೆಯುವುದು ಮೂರೂ ಅವನದೇ ಇಲಾಖೆ. ಒಂದು, ಎರಡು, ನಾಲ್ಕು, ಐದು: ನಾಲ್ಕೂ ಅಂಕಣ ಗುಂಡುಕಲ್ಲಿನ ಹಾಗಿದ್ದವು. ಕುಟ್ಟಿದಲ್ಲೆಲ್ಲ ಮಾತು ಪೂರ್ತಿ ಕೇಳುತ್ತಿತ್ತು. ಎಲ್ಲಾದರೂ ಒಳಗಿನ ಕಂಬಿ ತುಕ್ಕು ಹಿಡಿದಿದ್ದರೆ ಅದು ಉಬ್ಬಿ ಕಾಂಕ್ರೀಟನ್ನು ಹೊರಕ್ಕೆ ತಳ್ಳುತ್ತದೆ, ಪದರ ಬಿಡುತ್ತದೆ, ಆಗ ಮಾತು ಮೊದಲು ತೊದಲುತ್ತದೆ, ಆಮೇಲೆ ಬರೀ ಡಬ್. ನಾಲ್ಕು ಅಂಕಣದಲ್ಲಿ ಒಂದೂ ಡಬ್ ಇರಲಿಲ್ಲ. ನಾನು ಹಿಗ್ಗಿ ಹೀರೇಕಾಯಿಯಾಗಿ ಮೂರನೆಯದರ ಕೆಳಗೆ ಹೋಗಿ ಮೇಲೆ ನೋಡಿದೆ. ಆ ಗೊತ್ತಾದ ಜಾಗದಲ್ಲಿ ಕಂಬಿಯುದ್ದಕ್ಕೂ ಕೂದಲೆಳೆಯಂಥ ಬಿರುಕು, ಬಿರುಕಿನಿಂದ ಇಳಿದ ಕಂದು ಕಲೆ.

ತಟ್ಟಿದೆ. "ದ್ಯಾವೀ, ನನ್... ಡಬ್... ಡಬ್... ತೀಯಾ?" ಅಂದಿತು.

"ಮೇಡಂ, ಕಳೆದ ತಿಂಗಳು ನನ್ ತಂಗಿ ಮಗಳು ಬಂದಾಗ ಚೆನ್ನಾಗೇ ಇತ್ತಲ್ಲ," ಅಂದ ಜಬ್ಬಾರ.

"ಮದುವೆ ಹುಡುಗಿ ಕಿವಿಗೆ ಎಲ್ಲ ಚೆನ್ನಾಗೇ ಕೇಳುತ್ತೆ," ಅಂದೆ.

ಕಂಬಿ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಪುಟ್ಟ ಯಂತ್ರವೊಂದು ನಮ್ಮ ಹತ್ತಿರವಿದೆ. ಅದನ್ನು ಅಂಕಣದ ತಳದಲ್ಲಿ ಇಸ್ತ್ರಿಪೆಟ್ಟಿಗೆಯ ಹಾಗೆ ಸವರಿಕೊಂಡು ಹೋದೆ. ಒಂದೂವರೆ ಇಂಚು, ಒಂದೂವರೆ ಇಂಚು, ಎಲ್ಲೆಲ್ಲೂ ಒಂದೂವರೆ ಇಂಚು. ಆ ಜಾಗಕ್ಕೆ ಬಂದಾಗ ಅರ್ಧ ಇಂಚು. ಎರಡು ಮೊಳ ಉದ್ದ, ಎರಡು ಮೊಳ ಅಗಲ ಅಷ್ಟೇ; ಆಮೇಲೆ ಮತ್ತೆ ಒಂದೂವರೆ. ನನಗೆ ಅಲ್ಲಿಯೇ ಎಲ್ಲ ಗೊತ್ತಾಗಿ ಮೈ ಉರಿಯಿತು.

ಕಾಂಕ್ರೀಟಿನೊಳಗಿನ ಕಂಬಿಗೆ ಗಾಳಿ ನೀರು ತಾಗದಂತೆ ಅದನ್ನು ಒಳಗೆ ಇಡಬೇಕು. ಅದಕ್ಕೇ ಸುರಿಯುವ ಮೊದಲು ಕಂಬಿಯ ಕೆಳಗೆ ಒಂದೂವರೆ ಇಂಚಿನ ಸಿಮೆಂಟು ಬಿಲ್ಲೆಗಳನ್ನು ಇಟ್ಟು ಹಲಗೆಯಿಂದ ಮೇಲೆತ್ತುತ್ತಾರೆ. ಎಲ್ಲ ಊರಲ್ಲೂ ಇದೇ ರೀತಿ. ನಮ್ಮೂರಿನ ಮೇಸ್ತ್ರಿಗಳಿಗೆ ಮಾತ್ರ ಒಂದು ಹುಚ್ಚು ನಂಬಿಕೆ: ಕಂಬಿ ಮೈಗೆ ಹತ್ತಿರವಿದ್ದಷ್ಟೂ ದನಿ ಸ್ಪಷ್ಟವಂತೆ. ಹಾಗಾಗಿ ಮನೆಯವರು ಇಷ್ಟಪಟ್ಟು ಒಂದು ಮಾತು ಹೇಳಿಸುವ ಕಡೆ ತೆಳ್ಳನೆಯ ಬಿಲ್ಲೆ ಇಟ್ಟು "ಮಾತಿನ ಜಾಗ" ಮಾಡಿಕೊಡುತ್ತಾರೆ. ಹತ್ತು ವರ್ಷಕ್ಕೆ ಅಲ್ಲೇ ತುಕ್ಕು, ಅಲ್ಲೇ ಸೋರಿಕೆ. ನಮ್ಮೂರಿನ ಅರ್ಧಕ್ಕರ್ಧ ಛಾವಣಿಗಳು ಸೋರುವುದು ಅಜ್ಜಂದಿರ ಆಶೀರ್ವಾದ ಇರುವ ಕಡೆಯೇ. ಮನೆಯಲ್ಲಿ ಮಾಡಿಕೊಂಡರೆ ಮಾಡಿಕೊಳ್ಳಲಿ, ತಲೆಯ ಮೇಲೆ ಕೊಡೆ ಹಿಡಿದು ಮಲಗಲಿ. ಸೇತುವೆಗೆ ಮಾಡುವುದೇ?

ಅವತ್ತೇ ಬಸ್ಸು ಲಾರಿಗಳನ್ನು ನಿಲ್ಲಿಸಿದೆ. ನಡೆಯುವವರು, ಸೈಕಲ್ಲಿನವರು ಮಾತ್ರ ಹೋಗಬಹುದು ಎಂದು ಹಲಗೆ ಬರೆಸಿದೆ. ಮರಳದಿನ್ನೆಗೆ ಹಗ್ಗ ಕಟ್ಟಿದೆ. ಮಧ್ಯಾಹ್ನವಾಗುವಷ್ಟರಲ್ಲಿ ಊರಿಗೆ ಊರೇ ದಡದಲ್ಲಿತ್ತು. ಖಾನಾವಳಿಯವರು ಒಂದು ಕಡೆ ಕೂಗಾಡುತ್ತಿದ್ದರೆ, ಮುಂದಿನ ಗುರುವಾರ ಮಗಳ ಮದುವೆ ಇಟ್ಟುಕೊಂಡ ತಾಯಿಯೊಬ್ಬರು ಹಗ್ಗ ಹಿಡಿದು ಅಲುಗಾಡಿಸುತ್ತಿದ್ದರು.

"ನಮ್ ಹುಡ್ಗಿ ಇನ್ನೂ ಜವಾಬು ಹೇಳಿಲ್ಲ ಕಣ್ರೀ! ಹೇಳ್ದಲೇ ಹೆಂಗೆ ಧಾರೆ ಎರೆಯೋದು?"

"ಮನೇಲಿ ಹೇಳಿಸಿ ತಾಯಿ."

"ಮನೇಲಿ ಪ್ರಶ್ನೆ ಕೇಳೋರು ಯಾರು? ನಮ್ ಅಳಿಯ ಆಗೋನು ಬಾಯೇ ಬಿಡಾಕಿಲ್ಲ!"

ಎಲ್ಲರೂ ನಕ್ಕರು; ಆ ಹುಡುಗನೂ ನಕ್ಕ, ಬಾಯಿ ಬಿಡದೆಯೇ. ನನಗೂ ನಗು ಬಂತು, ಆದರೆ ಹಗ್ಗ ಬಿಚ್ಚಲಿಲ್ಲ.

ಮುಂದಿನ ದಾರಿ ನನಗೆ ಸ್ಪಷ್ಟವಾಗಿತ್ತು. ಪದರ ಬಿಟ್ಟ ಕಾಂಕ್ರೀಟನ್ನು ಒಡೆದು ತೆಗೆದು ಕಂಬಿ ಎಷ್ಟು ಸವೆದಿದೆ, ಅದರ ಹಿಂದಿನ ಕಾಂಕ್ರೀಟಿಗೆ ಜೀವವಿದೆಯೇ ಎಂದು ನೋಡಬೇಕು. ಕಂಬಿಯ ಐದರಲ್ಲೊಂದು ಪಾಲು ಸವೆದಿದ್ದರೆ ಅಥವಾ ಹಿಂದಿನದೂ ಸತ್ತಿದ್ದರೆ ಅಂಕಣ ಹೋಯಿತು, ಅದರ ಜೊತೆಗೆ ಸೇತುವೆಯೂ ಹೋಯಿತು. ಎರಡೂ ನೆಟ್ಟಗಿದ್ದರೆ ದುರಸ್ತಿ ಮಾಡಿ ಇನ್ನೂ ಒಂದು ತಲೆಮಾರು ಓಡಿಸಬಹುದು. ಒಡೆಯದೆ ತಿಳಿಯುವ ದಾರಿಯಿಲ್ಲ. ಒಡೆದರೆ ಪ್ರಶ್ನೆ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕೊಂದಿತ್ತು: ನಮ್ಮೂರಿನ ಕಟ್ಟಳೆಯಂತೆ ಕಾಂಕ್ರೀಟಿನಲ್ಲಿ ಮಾತಾಡಿದವರು ಬದುಕಿರುವವರೆಗೆ ಅವರ ಒಪ್ಪಿಗೆಯಿಲ್ಲದೆ ಆ ಮಾತನ್ನು ಒಡೆಯುವಂತಿಲ್ಲ. ಜಬ್ಬಾರ ಉಳಿಯನ್ನೇ ಮುಟ್ಟುವುದಿಲ್ಲ. ಹಾಗೆ ನೋಡಿದರೆ ನಾನೂ ಮುಟ್ಟುವವಳಲ್ಲ.

ಮೇಸ್ತ್ರಿಗಳ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು, ಎಪ್ಪತ್ತೆಂಟರ ಆಳು, ಅಂಗೈ ಇನ್ನೂ ಉಪ್ಪುಕಾಗದದಷ್ಟು ಒರಟು. ದ್ಯಾವಮ್ಮ ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದರು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ.

"ಮೇಸ್ತ್ರಿಗಳೇ, ಆ ಜಾಗದಲ್ಲಿ ಎಷ್ಟು ಇಂಚಿನ ಬಿಲ್ಲೆ ಇಟ್ಟಿದ್ರಿ?"

ಅವರು ನನ್ನ ಮುಖ ನೋಡಲಿಲ್ಲ. "ಎಲ್ಲಾ ಕಡೆ ಒಂದೂವರೆ ಇಂಚೇ ಕಣಮ್ಮ."

"ಯಂತ್ರ ಅರ್ಧ ಇಂಚು ಅಂತಿದೆ."

ಅವರೆಕಾಯಿ ಬಿಡಿಸುವ ಸದ್ದು ನಿಂತಿತು. ಮೇಸ್ತ್ರಿಗಳು ಸಣ್ಣ ದನಿಯಲ್ಲಿ ಹೇಳಿದರು: "ಅವತ್ತು ಬೆಳಗ್ಗೆ ಯಾರೂ ಬರೋಕ್ ಮುಂಚೆ ಹೋಗಿ ಬಿಲ್ಲೆ ಬದ್ಲಾಯಿಸ್ದೆ. ನನ್ ಮಾತು ಚೆನ್ನಾಗಿ ಕೇಳ್ಲಿ ಅಂತ. ವಯಸ್ಸಂಗಿತ್ತು. ನೂರಾರ್ ಮನೆ ಕಟ್ಟಿದೀನಿ ತಾಯಿ, ಒಂದ್ ಕಡೆ ಕಳ್ಳತನ ಮಾಡಿಲ್ಲ. ಇದೊಂದೇ."

ಬೈಯಬೇಕೆಂದೇ ಹೋದವಳು ನಾನು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಆ ಮುಖ ನೋಡಿ, ಒಡೆಯಲು ಒಪ್ಪಿಗೆ ಬೇಕು ಎಂದಷ್ಟೇ ಹೇಳಿದೆ.

"ಅದೊಂದ್ ಕೇಳ್ಬೇಡಿ," ಅಂದರು. "ತಪ್ಪು ನಂದೇ. ಜನ ಉಗೀಲಿ, ಪರವಾಗಿಲ್ಲ. ಆದ್ರೆ ಪ್ರಶ್ನೆನೇ ಹೋದ್ಮೇಲೆ ಇನ್ನು ಜವಾಬು ಎಲ್ಲಿಂದ ಬರ್ತದೆ? ನಾನು ಸಾಯೋವರ್ಗೂ ಕಾಯ್ರಿ."

"ವರದಿಗೆ ಇನ್ನು ಐದು ದಿನ ಇದೆ. ನೀವು ಅಷ್ಟರೊಳಗೆ ಸಾಯೋ ಹಾಗೆ ಕಾಣಿಸ್ತಿಲ್ಲ," ಅಂದೆ.

ಮೇಸ್ತ್ರಿಗಳು ನಗಲಿಲ್ಲ. ನಕ್ಕವರು ದ್ಯಾವಮ್ಮ. ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ಗಂಡನ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಒಡ್ಸು," ಅಂದರು.

"ನಿಂಗೇನೇ ಗೊತ್ತು? ನನ್ ಮಾತು ಅದು."

"ನಿನ್ ಮಾತಿನ್ ಮೇಲ್ಗಡೆ ಯಾವ್ ಬಾಂಡ್ಲಿ ಬಿತ್ತು ಅಂತ ಗೊತ್ತಾ ನಿಂಗೆ?"

ಮೇಸ್ತ್ರಿಗಳು ಕಣ್ಣು ಪಿಳಿಪಿಳಿ ಬಿಟ್ಟರು. ನನಗೆ ಮಾತ್ರ ತಟ್ಟನೆ ಅರ್ಥವಾಯಿತು. ಕಾಂಕ್ರೀಟನ್ನು ಪದರ ಪದರವಾಗಿ ಸುರಿಯುತ್ತಾರೆ. ಕಂಬಿಯ ಕೆಳಗಿನದು ಮೊದಲು, ಕಂಬಿಯ ಮೇಲಿನದು ಆಮೇಲೆ. ಮೇಲಿನದು ಬಿದ್ದ ಕೂಡಲೇ ಕೆಳಗಿನದರ ಕಿವಿ ಮುಚ್ಚಿಹೋಗುತ್ತದೆ. ಮೇಸ್ತ್ರಿಗಳ ಪ್ರಶ್ನೆ ಕೆಳಗಿನ ಪದರದಲ್ಲಿದೆ. ಆ ಪ್ರಶ್ನೆ ಕೇಳಿಸಿಕೊಂಡು ಅಲ್ಲೇ ನಿಂತಿದ್ದವಳು ತಲೆಯ ಮೇಲಿನ ಬಾಂಡ್ಲಿಯನ್ನು ಸುರಿದು ಹೋದಳಲ್ಲ, ಅದು ಬಿದ್ದದ್ದು ಕಂಬಿಯ ಮೇಲೆ. ಇಪ್ಪತ್ತಾರು ವರ್ಷ ಆ ಸೇತುವೆ ಕುಟ್ಟಿದ್ದೇನೆ, ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಕೆಳಗಿನಿಂದ ತಟ್ಟಿದರೆ ಕೆಳಗಿನ ಮಾತಷ್ಟೇ ಕೇಳುತ್ತದೆ.

"ಒಳಗದೆ ಅಂತೀಯಾ?" ಅಂದರು ಮೇಸ್ತ್ರಿಗಳು.

"ನಾನು ಏನೂ ಅನ್ನಾಕಿಲ್ಲ. ಅಂದಿದ್ದು ಆಗೋಗೈತೆ," ಎಂದು ದ್ಯಾವಮ್ಮ ಮತ್ತೆ ಮೊರದ ಮುಂದೆ ಹೋಗಿ ಕೂತರು.

ಮೇಸ್ತ್ರಿಗಳು ಒಪ್ಪಿದರು. ಆದರೆ ಒಳಗಿನದು ಉಳಿದಿದ್ದರೆ ಸರಿ. ತುಕ್ಕು ಅಲ್ಲಿಯವರೆಗೂ ಹೋಗಿದ್ದರೆ ಪ್ರಶ್ನೆಯೂ ಇಲ್ಲ, ಜವಾಬೂ ಇಲ್ಲ, ಸೇತುವೆಯೂ ಇಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಾರನೆಯ ದಿನ ಬೆಳಗ್ಗೆಯೇ ಸುತ್ತಿಗೆ ಹಿಡಿದು ನದಿಗೆ ಇಳಿದೆ.

ಊರೆಲ್ಲ ಹಬ್ಬಕ್ಕೆ ಬಂದ ಹಾಗೆ ದಡದಲ್ಲಿ ಸೇರಿತ್ತು. ಚಾಪೆ, ಕಡಲೆಪುರಿ, ಕೂಸುಗಳು, ಯಾವುದಕ್ಕೂ ಕಮ್ಮಿಯಿರಲಿಲ್ಲ. ಒಡೆಯುವ ಮೊದಲು ಆ ಗುರುವಾರದ ಜೋಡಿಯನ್ನು ಹಗ್ಗದಾಚೆಗೆ ಕಳಿಸಿ ಕೊನೆಯ ಸಲ ತಟ್ಟಿಸಿದೆ. ಪ್ರಶ್ನೆಯಲ್ಲಿ ಎರಡೇ ಚೂರು ಉಳಿದಿತ್ತು. ಬಾಯೇ ಬಿಡದ ಆ ಹುಡುಗ ಬಿಟ್ಟುಹೋದದ್ದನ್ನೆಲ್ಲ ತಾನೇ ತುಂಬಿ ಗಟ್ಟಿಯಾಗಿ ಪೂರ್ತಿ ಪ್ರಶ್ನೆ ಕೇಳಿಬಿಟ್ಟ. ಹುಡುಗಿ "ಆಯ್ತು" ಅಂದಳು. ಅವಳ ತಾಯಿ ಕೇಕೆ ಹಾಕಿದ್ದು ಆಚೆ ದಡಕ್ಕೂ ಕೇಳಿತು.

ಮೊದಲ ಪೆಟ್ಟು ಕೆಂಚಪ್ಪ ಮೇಸ್ತ್ರಿಗಳದೇ ಆಗಬೇಕೆಂದು ಅವರ ಷರತ್ತು. ಕೆಲಸಕ್ಕೆಂದು ಕಟ್ಟಿದ್ದ ಬೊಂಬಿನ ಅಡ್ಡಕಟ್ಟಿನ ಮೇಲೆ ಹತ್ತಿಸಿದೆವು. ಉಳಿ ಇಟ್ಟು, ಕಣ್ಣು ಮುಚ್ಚಿ ಹೊಡೆದರು. ಅಂಗೈಯಗಲದ ಒಂದು ಚಕ್ಕೆ ಕಳಚಿ ಮರಳಿಗೆ ಬಿದ್ದು "ದ್ಯಾ" ಅಂದಿತು. ಜನ ಘೊಳ್ಳೆಂದು ನಕ್ಕರು, ಮೇಸ್ತ್ರಿಗಳು ಕಣ್ಣೊರೆಸಿಕೊಂಡರು, ಆಮೇಲೆ ಅವರೂ ನಕ್ಕರು. ಉಳಿದದ್ದನ್ನು ಜಬ್ಬಾರ ತೆಗೆದ. ಯಂತ್ರ ಹಚ್ಚಿದರೆ ಒಳಗಿನದು ಅದುರೀತು ಎಂದು ಇಡೀ ಜಾಗವನ್ನು ಕೈಯುಳಿಯಲ್ಲೇ ಬಿಡಿಸಿದ. ಮಧ್ಯಾಹ್ನದವರೆಗೂ ಮರಳಿನ ಮೇಲೆ "ವೀ", "ನನ್", "ತೀಯಾ" ಎಂದು ಚೂರುಗಳು ಬೀಳುತ್ತಲೇ ಇದ್ದವು.

ಕಂಬಿ ಕಾಣಿಸಿತು. ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಹಪ್ಪಳದಂತೆ ಏಳುತ್ತಿತ್ತು. ತಂತಿಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಹೊಳಪು ಬರುವವರೆಗೆ ಕೆರೆದು ಅಳೆದೆ. ಇಪ್ಪತ್ತೈದು ಮಿಲಿಮೀಟರ್ ಇರಬೇಕಾದದ್ದು ಅತಿ ತೆಳುವಾದ ಕಡೆ ಇಪ್ಪತ್ತಮೂರೂವರೆ ಇತ್ತು. ಲೆಕ್ಕ ಹಾಕಿದೆ: ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಸುಮಾರು ಎಂಟರಲ್ಲೊಂದು ಪಾಲು ಸವೆದಿದೆ, ಐದರಲ್ಲೊಂದು ಆಗಿಲ್ಲ. ನಂಬಿಕೆಯಾಗದೆ ಮತ್ತೊಮ್ಮೆ ಅಳೆದೆ. ಕಂಬಿ ಬದುಕಿತ್ತು.

ಇನ್ನು ಅದರ ಹಿಂದಿನದು. ಅದಕ್ಕೊಂದು ದ್ರಾವಣವಿದೆ, ನೀರಿನಂತೆ ತಿಳಿಯಾಗಿರುತ್ತದೆ. ಗಾಳಿ ಹೊಕ್ಕು ಸತ್ತ ಕಾಂಕ್ರೀಟಿಗೆ ಚಿಮುಕಿಸಿದರೆ ಬರೀ ಒದ್ದೆ. ಜೀವವಿರುವ ಕಾಂಕ್ರೀಟಿಗೆ ಚಿಮುಕಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಕಂಬಿಯ ಅಕ್ಕಪಕ್ಕ ಚಿಮುಕಿಸಿದೆ. ಬರೀ ಒದ್ದೆ. ಜಬ್ಬಾರ ಕಂಬಿಯ ಹಿಂದೆ ಇನ್ನೊಂದು ಬೆರಳಿನಷ್ಟು ಕೊರೆದ. ಮತ್ತೆ ಚಿಮುಕಿಸಿದೆ. ಮೊದಲು ಏನೂ ಆಗಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಒಂದು ಮೂಲೆಯಿಂದ ಬಣ್ಣ ಏರತೊಡಗಿತು, ಇಡೀ ಗುಳಿ ಗುಲಾಲು ಎರಚಿದ ಹಾಗೆ ಕೆಂಪೇರಿತು. ನಾನು ಏನು ಕೂಗಿದೆನೋ ನನಗೇ ನೆನಪಿಲ್ಲ. "ಮೇಡಂ, ಬೀಳ್ತೀರಿ, ಬೊಂಬು ಹಿಡ್ಕೊಳ್ಳಿ," ಎಂದು ಜಬ್ಬಾರ ಕಿರುಚಿದ್ದು ನೆನಪಿದೆ.

"ತಟ್ರಮ್ಮ," ಅಂದರು ಮೇಸ್ತ್ರಿಗಳು. ಅಡ್ಡಕಟ್ಟಿನ ಮೇಲೆ ನನ್ನ ಪಕ್ಕದಲ್ಲೇ ನಿಂತಿದ್ದರು.

"ನೀವೇ ತಟ್ಟಿ."

"ನಾನು ಕಿವಿ ಕೊಡ್ತೀನಿ, ನೀವ್ ತಟ್ಟಿ."

ನಾನೇ ತಟ್ಟಿದೆ. ಮೊದಲು ಗರಗರ, ಪ್ರಶ್ನೆ ಕೇಳಿದ ಮೇಲೆ ಶುರುವಾದ ಕಾಂಕ್ರೀಟು ಕಲೆಸುವ ಯಂತ್ರದ ಸದ್ದು, ಕಿವಿ ಕಿತ್ತುಹೋಗುವಷ್ಟು. ಅವತ್ತು ಮೇಸ್ತ್ರಿಗಳಿಗೆ ಏನೂ ಕೇಳಿಸದಿದ್ದುದರಲ್ಲಿ ಆಶ್ಚರ್ಯವಿಲ್ಲ. ಆ ಗರಗರದ ಮೇಲೆ ಒಂದು ಹುಡುಗಿಯ ದನಿ, ಗಡುಸಾಗಿ, ಒಂದೇ ಉಸಿರಿಗೆ:

"ಏಯ್, ಕಂಬಿ ತಳ ಹತ್ಕಂಡೈತೆ ನೋಡು, ಎತ್ತಿ ದಪ್ಪ ಬಿಲ್ಲೆ ಕೊಡು, ಇಲ್ದಿದ್ರೆ ತುಕ್ ಹಿಡೀತದೆ. ನಾಳೆ ಸಂಜೆ ಮನೆತಾವ್ ಬಂದು ನಮ್ಮಪ್ಪನ್ ಕೇಳು. ನಾನು ಒಪ್ಪಿದೀನಿ."

ಆಮೇಲೆ ದಡದಲ್ಲಿ ಎದ್ದ ನಗುವಿದೆಯಲ್ಲ, ನಾಲ್ಕನೇ ಅಂಕಣದ ಕೂಗು ಅದರ ಮುಂದೆ ಏನೂ ಅಲ್ಲ. ನಾನಂತೂ ಸುತ್ತಿಗೆ ಕೆಳಗೆ ಹಾಕಿ ಹೊಟ್ಟೆ ಹಿಡಿದುಕೊಂಡು ಕೂತೆ. ಹದಿನೆಂಟರ ಹುಡುಗಿ, ತಲೆಯ ಮೇಲೆ ಬಾಂಡ್ಲಿ, ಎದುರಿಗೆ ಮದುವೆಯ ಪ್ರಶ್ನೆ. ಅವಳ ಕಣ್ಣು ಮೊದಲು ಹೋದದ್ದು ಬಿಲ್ಲೆಯ ಕಡೆಗೆ. ನಾನು ಐವತ್ತನಾಲ್ಕು ವರ್ಷದ ಮೇಲೆ ಯಂತ್ರ ಹಚ್ಚಿ ಕಂಡುಹಿಡಿದದ್ದನ್ನು ಅವಳು ಬರಿಗಣ್ಣಿನಲ್ಲಿ ನೋಡಿ ಅಲ್ಲೇ ಹೇಳಿದ್ದಳು.

ಮೇಸ್ತ್ರಿಗಳು ಮಾತ್ರ ನಗಲಿಲ್ಲ. ಅಡ್ಡಕಟ್ಟಿನಿಂದ ಇಳಿದು, ಮರಳಿನ ಮೇಲೆ ತಡವರಿಸುತ್ತ ನಡೆದು ದ್ಯಾವಮ್ಮನ ಮುಂದೆ ಹೋಗಿ ನಿಂತರು.

"ನಾಳೆ ಸಂಜೆ ಅಂದಿದ್ಯಾ?"

"ಅಂದಿದ್ದೆ."

"ನಾನ್ ಬಂದಿದ್ದು ಎಲ್ಡ್ ತಿಂಗ್ಳಾದ್ಮೇಲೆ."

"ಅದ್ ನಂಗೊತ್ತು," ಅಂದರು ದ್ಯಾವಮ್ಮ. "ಮಾರನೇ ದಿನ ಮನೆ ಸಾರಿಸಿ, ಪಾಯಸ ಮಾಡಿ, ಅವ್ವನ್ ಸೀರೆ ಉಟ್ಕಂಡು ಕೂತಿದ್ದೆ. ನಮ್ಮಪ್ಪ ಯಾರ್ ಬತ್ತಾರೆ ಅಂತ ಕೇಳ್ದ, ಯಾರೂ ಇಲ್ಲ ಅಂದೆ. ಪಾಯಸ ಎಲ್ಲಾ ನಮ್ ತಮ್ಮಂದ್ರು ತಿಂದ್ರು. ನನ್ ಮಾತು ಕೇಳೂ ಬರ್ಲಿಲ್ಲ ಅಂತ ತಿಳ್ಕಂಡಿದ್ದೆ ನಾನು. ಎಲ್ಡನೇ ಸಲ ಯಾಕ್ ಹೇಳ್ಬೇಕು?"

"ಮಿಷನ್ ಸದ್ದು ಕಣೆ. ನಂಗ್ ಕೇಳಿಸ್ಲೇ ಇಲ್ಲ. ನೀನು ಮುಖ ಗಂಟಿಕ್ಕಂಡು ಹೋದೆ. ಬ್ಯಾಡ ಅಂದೆ ಅಂತ್ಲೇ ತಿಳ್ಕಂಡು ಎಲ್ಡ್ ತಿಂಗ್ಳು ನಿದ್ದೆ ಮಾಡಿಲ್ಲ."

"ಬಿಲ್ಲೆ ನೋಡಿ ಮುಖ ಗಂಟಿಕ್ಕಿದ್ದೆ," ಅಂದರು ದ್ಯಾವಮ್ಮ. ಅಲ್ಲಿಗೆ ಅವರಿಗೂ ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಲೇ ನಕ್ಕರು. ಮೇಸ್ತ್ರಿಗಳು ಅವರ ಕೈ ಹಿಡಿದುಕೊಂಡು ಊರಿನ ಎದುರಿಗೇ ನಿಂತಿದ್ದರು. ಕಡಲೆಪುರಿ ತಿನ್ನುವವರು ತಿನ್ನುವುದನ್ನು ನಿಲ್ಲಿಸಿದ್ದರು.

ಅವತ್ತು ರಾತ್ರಿಯೇ ವರದಿ ಬರೆದೆ. ಸೇತುವೆ ಗಟ್ಟಿಮುಟ್ಟಾಗಿದೆ, ಮೂರನೇ ಅಂಕಣದಲ್ಲಿ ಎರಡು ಮೊಳ ಜಾಗ ಮಾತ್ರ ದುರಸ್ತಿಯಾಗಬೇಕು, ಒಳಗಿನ ಕಾಂಕ್ರೀಟಿಗೆ ಜೀವವಿದೆ, ಪುರಾವೆಗೆ ಇಷ್ಟು ಚಿತ್ರ, ಇಷ್ಟು ಅಳತೆ. ಕಾರಣ ಎಂಬ ಕಡೆ "ಬಿಲ್ಲೆಯ ದಪ್ಪ ಸಾಲದು, ಕೆಲಸದ ದಿನವೇ ಸ್ಥಳದಲ್ಲಿದ್ದ ಒಬ್ಬ ಕಾರ್ಮಿಕರು ಇದನ್ನು ಗುರುತಿಸಿ ಹೇಳಿದ್ದರು" ಎಂದು ಬರೆದು ದ್ಯಾವಮ್ಮನ ಹೆಸರು ಹಾಕಿದೆ. ಮೇಲಿನವರು ಏನಾದರೂ ತಿಳಿದುಕೊಳ್ಳಲಿ. ದುರಸ್ತಿಯ ನಂತರ ಮರಳು ತುಂಬಿದ ನಾಲ್ಕು ಲಾರಿಗಳನ್ನು ಆ ಅಂಕಣದ ಮೇಲೆ ಒಂದು ಹಗಲು ನಿಲ್ಲಿಸಿದೆವು. ಸೇತುವೆ ಬಗ್ಗಬೇಕಾದಷ್ಟೇ ಬಗ್ಗಿ, ಲಾರಿ ಹೋದ ಮೇಲೆ ತನ್ನ ಜಾಗಕ್ಕೆ ವಾಪಸು ಬಂತು. ಈಗ ಬಸ್ಸು ಓಡುತ್ತಿದೆ. ಆದರೆ ನಾನು ಹೇಳಬೇಕಾದದ್ದು ಅದಲ್ಲ, ಕಾಂಕ್ರೀಟು ಒಡೆದ ಮಾರನೆಯ ದಿನದ ಸಂಜೆಯದು.

ಬೆಳಗ್ಗೆಯೇ ದ್ಯಾವಮ್ಮ ಹೇಳಿಕಳಿಸಿದ್ದರು: ಸಂಜೆ ಮನೆಗೆ ಬರಬೇಕು, ತಮ್ಮ ಅಪ್ಪನ ಜಾಗದಲ್ಲಿ ಕೂರಬೇಕು. ನಾನು ಹೋದಾಗ ಮನೆ ಸಾರಿಸಿ ರಂಗೋಲಿ ಇಟ್ಟಿತ್ತು. ಒಳಗಿನಿಂದ ಏಲಕ್ಕಿಯ ಘಮ ಬರುತ್ತಿತ್ತು. ಮೊಮ್ಮಕ್ಕಳು ನನ್ನನ್ನು ಚಾಪೆಯ ಮೇಲೆ ಕೂರಿಸಿ ಕೈಗೆ ಒಂದು ಕೋಲು ಕೊಟ್ಟು, ತಲೆಗೊಂದು ಟವೆಲು ಸುತ್ತಿದರು. ಐವತ್ತೆರಡರ ನಾನು ಎಪ್ಪತ್ತೆರಡರ ಹೆಣ್ಣಿನ ಅಪ್ಪನಾದೆ. ಹೆಣ್ಣು ಕೊಡುವ ಗತ್ತು ಇಷ್ಟು ಸುಲಭವಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮೇಸ್ತ್ರಿಗಳು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಇಡೀ ಬೀದಿ ಸುತ್ತು ಹಾಕಿ ತಮ್ಮ ಮನೆಯ ಮುಂಬಾಗಿಲಿಗೆ ಬಂದು ನಿಂತರು. ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಬೀದಿಯವರೆಲ್ಲ ಅವರ ಹಿಂದೆ ಇದ್ದರು. ಜಬ್ಬಾರ ಗಂಡಿನ ಕಡೆಯವನಾಗಿ ಎಲೆಯಡಿಕೆಯ ತಟ್ಟೆ ಹಿಡಿದಿದ್ದ.

"ಯಾರಪ್ಪ ನೀನು?" ಅಂದೆ.

"ಕೆಂಚಪ್ಪ ಅಂತ. ಸೇತುವೆ ಕೆಲಸದಲ್ಲಿ ಮೇಸ್ತ್ರಿ."

"ಏನು ಬಂದೆ?"

ಇಷ್ಟು ಜನರ ಮುಂದೆ, ನಾಲ್ಕು ಮಕ್ಕಳ ತಂದೆ, ಹದಿಹರೆಯದವನ ಹಾಗೆ ಕಿವಿ ಕೆಂಪಗೆ ಮಾಡಿಕೊಂಡರು. "ನಿಮ್ ಮಗಳನ್ನ ಕೇಳಾಕ್ ಬಂದಿದೀನಿ. ಬರೋದು ಸ್ವಲ್ಪ ತಡ ಆಯ್ತು."

ಅಪ್ಪನಾದವನು ಅಳಬಾರದೆಂದು ಟವೆಲು ಸರಿಮಾಡಿಕೊಂಡು ಒಳಗೆ ಕೂಗಿದೆ: "ಏನಮ್ಮಾ, ಒಪ್ಪಿಗೆಯೇ?"

ದ್ಯಾವಮ್ಮ ಅವರವ್ವನ ಹಳೆಯ ಸೀರೆಯುಟ್ಟು ಪಾಯಸದ ಪಾತ್ರೆ ಹಿಡಿದು ಒಳಬಾಗಿಲಲ್ಲಿ ಬಂದು ನಿಂತಿದ್ದರು. ಬೀದಿಯಲ್ಲಿದ್ದ ಜನರನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಗಂಡನನ್ನು ನೋಡಿದರು.

"ಸರಿಯಾಗ್ ಕೇಳಿಸ್ಲಿಲ್ಲ," ಅಂದರು. "ಇನ್ನೊಂದ್ ಸಲ ಕೇಳಕ್ ಹೇಳಿ."

ಕೆಂಚಪ್ಪ ಮೇಸ್ತ್ರಿಗಳು ಬಾಳೆಹಣ್ಣಿನ ಚಿಪ್ಪನ್ನು ಕೆಳಗಿಟ್ಟು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದು, ಆಚೆ ದಡಕ್ಕೆ ಕೇಳುವಂತೆ ಇನ್ನೊಂದು ಸಲ ಕೇಳಿದರು.